ಅಮ್ಮನ ಕಿಟಕಿ ಸೀಟು

ಸಮೇತನಹಳ್ಳಿ
ಭಾನುವಾರ ಸಂಜೆ

ಪ್ರೀತಿಯ ತಂಗಿಗೆ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. ‘ಅಕ್ಕಾ, ಹುಡುಗ ಮೊದಲನೇ ಸಂಬಳದಲ್ಲಿ ನಮ್ಮಿಬ್ಬರನ್ನೂ ಹಡಗು ಹತ್ತಿಸ್ತೀನಿ ಅಂತ ಕೂತಿದ್ದಾನೆ, ಮುಂಬೈಯಿಂದ ಲಕ್ಷದ್ವೀಪಕ್ಕೆ. ಆದರೆ ಹಿಂದೆ ಇಂಥದ್ದೇ ಒಂದು ಹಡಗಿನ ಕಂಪನಿ ಮುಚ್ಚಿಹೋಯ್ತಂತಲ್ಲ, ದುಡ್ಡು ಕಟ್ಟಿ ಕೂತರೆ ಗತಿ ಏನು?’ ಅಂದೆ. ನಾನು ‘ನೋಡೋಣ ಬಿಡೆ’ ಅಂತ ಫೋನಿಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ಹಡಗಿನ ಯೋಚನೆ ಅಲ್ಲ ಕಣೆ, ಅಮ್ಮನ ಯೋಚನೆ.

ಬೆಳಗ್ಗೆ ಎದ್ದವಳೇ ಅಮ್ಮನ ಬೀರು ತೆಗೆದೆ. ಬಾಗಿಲ ಒಳಮೈಗೆ ಅನ್ನದ ಗಂಜಿ ಹಚ್ಚಿ ಅಂಟಿಸಿದ್ದಳಲ್ಲ ಒಂದು ಪೇಪರಿನ ತುಂಡು, ಅದು ಇನ್ನೂ ಇದೆ. ಕೆಳಗಿನ ಮೂಲೆ ಎದ್ದು ಬಂದಿದೆ, ಬಣ್ಣ ಕಂದಿದೆ. ಏರ್ ಡೆಕ್ಕನ್ ವಿಮಾನ ಕಂಪನಿಯ ಜಾಹೀರಾತಿನಿಂದ ಕತ್ತರಿಸಿಕೊಂಡ ಚಿತ್ರ ಅದು: ಪಂಚೆ, ಚೌಕಳಿ ಕೋಟು, ಬೋಳು ತಲೆಯ ಪಕ್ಕದಲ್ಲಿ ನಾಲ್ಕು ಕೂದಲು, ಮೂಗಿನ ಮೇಲೆ ಕನ್ನಡಕ. ನಮ್ಮ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಬರೆದ ಶ್ರೀಸಾಮಾನ್ಯ. ಅಮ್ಮ ಅದನ್ನು ಇಟ್ಟುಕೊಂಡದ್ದು ಲಕ್ಷ್ಮಣ್ ಯಾರು ಅಂತ ತಿಳಿದು ಅಲ್ಲ. ಅಪ್ಪ ಹೊಸಕೋಟೆ ತಾಲ್ಲೂಕು ಕಚೇರಿಗೆ ಹೋಗುವಾಗ ಪಂಚೆಯ ಮೇಲೆ ಕೋಟು ಹಾಕಿ, ಮಾತಾಡದೆ ಸಾಲಿನಲ್ಲಿ ನಿಂತುಕೊಳ್ಳುತ್ತಿದ್ದನಲ್ಲ, ಹಾಗೇ ಕಾಣುತ್ತೆ ಅಂತ.

2004ರ ಕಾರ್ತಿಕ ಮಾಸ ನಿನಗೆ ನೆನಪಿರುವುದು ಬೇರೆ ಥರ. ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದಿದ್ದರಿಂದ ಚೊಚ್ಚಲ ಹೆರಿಗೆಗೂ ತವರಿಗೆ ಬರಲಾಗದೆ ಹುಬ್ಬಳ್ಳಿಯಲ್ಲೇ ಉಳಿದೆ. ನೋವು ಶುರುವಾಗಿದೆ ಅಂತ ನಿಮ್ಮ ಮನೆಯವರು ಫೋನ್ ಮಾಡಿದಾಗ ಇಲ್ಲಿ ರಾತ್ರಿ ಎಂಟು ಗಂಟೆ. ಬಸ್ಸಿನಲ್ಲಿ ಹೊರಟರೆ ಕಾಡುಗೋಡಿ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿಂದ ರಾತ್ರಿಯೆಲ್ಲ ನಾನೂರು ಕಿಲೋಮೀಟರಿಗೂ ಹೆಚ್ಚು. ಅಮ್ಮನ ಮಂಡಿ ನೋವು ಆಗಲೇ ಶುರುವಾಗಿತ್ತು. ನಿಮ್ಮ ಭಾವ ವೈಟ್‌ಫೀಲ್ಡಿನ ಸೈಬರ್ ಕೆಫೆಗೆ ಓಡಿ, ಬೆಳಗಿನ ಏರ್ ಡೆಕ್ಕನ್ ವಿಮಾನಕ್ಕೆ ಎರಡು ಟಿಕೆಟ್ ಮಾಡಿಸಿ ತಂದರು. ಬಿಳೀ ಹಾಳೆಯ ಮೇಲೆ ಅಚ್ಚಾದದ್ದು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದೇನು, ಕಂದಾಯದ ರಸೀದಿ ಥರ ಇದೆ. ಇದನ್ನ ತೋರಿಸಿದರೆ ಹತ್ತಿಸ್ತಾರಾ?’ ಅಂದಳು. ತಿರುಪತಿಯಿಂದ ಆಚೆ ಕಾಲಿಟ್ಟವಳಲ್ಲ ಅವಳು.

ಆಗ ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲಿ. ನಮಗೆ ಅದು ಮಾರತ್‌ಹಳ್ಳಿ ದಾಟಿದರೆ ಸಿಗುವ ಜಾಗ. ಅಮ್ಮನ ಕೈಯಲ್ಲಿ ಬಟ್ಟೆ ಸುತ್ತಿ ಗಂಟು ಹಾಕಿದ್ದ ಸ್ಟೀಲ್ ಡಬ್ಬಿ, ಅದರಲ್ಲಿ ರಾತ್ರೋರಾತ್ರಿ ಕಾಯಿಸಿದ ತುಪ್ಪ. ತಪಾಸಣೆಯ ಹೆಂಗಸು ಗಂಟು ಬಿಚ್ಚಿಸಿದಳು. ‘ಬಾಣಂತಿಗಮ್ಮ’ ಅಂದಳು ಅಮ್ಮ. ಆ ಹೆಂಗಸು ಮೂಸಿ ನೋಡಿ, ತಾನೇ ಮೊದಲಿಗಿಂತ ಬಿಗಿಯಾಗಿ ಗಂಟು ಹಾಕಿ ಕೊಟ್ಟಳು.

ವಿಮಾನ ಅಂದರೆ ಎಟಿಆರ್. 48 ಸೀಟು, ರೆಕ್ಕೆಗೊಂದು ಫ್ಯಾನು, ಹತ್ತುವುದು ಹಿಂಬದಿಯ ಪುಟ್ಟ ಮೆಟ್ಟಿಲಿನಿಂದ. ಸೀಟಿಗೆ ನಂಬರ್ ಇಲ್ಲ, ಮೊದಲು ಹೋದವರಿಗೆ ಬೇಕಾದ್ದು. ಮಂಡಿ ನೋವಿನ ನಮ್ಮಮ್ಮ ನನ್ನನ್ನೂ ಹಿಂದೆ ಹಾಕಿ ನಡೆದು ಕಿಟಕಿ ಹಿಡಿದಳು! ಆ ವಿಮಾನದ ರೆಕ್ಕೆ ತಲೆಯ ಮೇಲ್ಗಡೆ ಇರುವುದರಿಂದ ಕೆಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತೆ. ಅವಳು ಹೆದರಲಿಲ್ಲ, ಕಣ್ಣೂ ಮುಚ್ಚಲಿಲ್ಲ, ದೇವರ ಹೆಸರೂ ಹೇಳಲಿಲ್ಲ. ತುಪ್ಪದ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕೆರೆ ಎಣಿಸುತ್ತಾ ಹೋದಳು. ಹದಿನೇಳಕ್ಕೆ ಲೆಕ್ಕ ತಪ್ಪಿತು. ‘ಇಷ್ಟೊಂದು ಕೆರೆ ಇದಾವಾ ನಮ್ಮಲ್ಲಿ?’ ಅಂದಳು. ಅರವತ್ತೆರಡು ವರ್ಷದವಳು, ಹುಟ್ಟಿದಾಗಿನಿಂದ ಈ ನೆಲದ ಮೇಲೇ ನಡೆದವಳು, ಅವತ್ತು ಮೊದಲ ಸಲ ಅದನ್ನು ಇಡಿಯಾಗಿ ನೋಡಿದಳು. ನಿನ್ನ ಹತ್ತಿರ ಬಂದಾಗ ಮಗು ಹುಟ್ಟಿ ಮೂರು ಗಂಟೆಯಷ್ಟೇ ಆಗಿತ್ತು. ಅದೇ ಹುಡುಗ ಈಗ ನಮ್ಮನ್ನು ಹಡಗು ಹತ್ತಿಸಲು ಹೊರಟಿದ್ದಾನೆ.

ಆ ವಿಮಾನಗಳನ್ನು ಹಾರಿಸಿದ ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯ ಬಿಟ್ಟು ಬಂದು ರೇಷ್ಮೆ ಬೆಳೆದವರು, ಹೆಲಿಕಾಪ್ಟರ್ ಕಂಪನಿ ಮಾಡಿದವರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಮೊದಮೊದಲ ಮಾರ್ಗಗಳಲ್ಲೇ ಬೆಂಗಳೂರು–ಹುಬ್ಬಳ್ಳಿ ಇತ್ತು. ದೊಡ್ಡ ಕಂಪನಿಗಳು ದಿಲ್ಲಿ–ಮುಂಬೈ ಅಂತ ಕಿತ್ತಾಡುತ್ತಿದ್ದಾಗ ಈ ಮನುಷ್ಯನ ಕಣ್ಣು ಸಣ್ಣ ಊರುಗಳ ಮೇಲೆ ಬಿತ್ತು. ನಾಲ್ಕೇ ವರ್ಷದಲ್ಲಿ 60ಕ್ಕೂ ಹೆಚ್ಚು ಊರುಗಳಿಗೆ ವಿಮಾನ ಹೋಯಿತು. ಪೆಟ್ರೋಲ್ ಬಂಕುಗಳಲ್ಲೂ ಟಿಕೆಟ್ ಸಿಕ್ಕಿತು. ಒಂದು ರೂಪಾಯಿ ಟಿಕೆಟ್, ತೆರಿಗೆ ಬೇರೆ, ಅಂತ ಊರೆಲ್ಲ ಮಾತಾಯಿತು. ಎಲ್ಲ ಸೀಟೂ ಒಂದು ರೂಪಾಯಿ ಅಲ್ಲ. ತುಂಬ ಮುಂಚೆ ತೆಗೆದುಕೊಂಡ ಕೆಲವರಿಗೆ ಅಷ್ಟೇ, ದಿನ ಹತ್ತಿರ ಬಂದ ಹಾಗೆ ದರ ಏರುತ್ತಿತ್ತು. ವಿಮಾನ ದಿನಕ್ಕೆ ಹೆಚ್ಚು ಸಲ ತುಂಬಿ ಹಾರಿದರೆ ಲೆಕ್ಕ ಸರಿಹೋಗುತ್ತೆ ಅನ್ನುವ ನಂಬಿಕೆ ಅದು.

ಲೆಕ್ಕ ಸರಿಹೋಗಲಿಲ್ಲ. 2005ರಲ್ಲಿ ಸ್ಪೈಸ್‌ಜೆಟ್ ಬಂತು, 2006ರಲ್ಲಿ ಇಂಡಿಗೋ ಬಂತು, ಎಲ್ಲರೂ ದರ ಇಳಿಸಿದರು. ನಷ್ಟ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ವಿಮಾನಗಳನ್ನು ಹಾರಿಸುತ್ತಿದ್ದ ವಿಜಯ್ ಮಲ್ಯ ಅವರ ಯುಬಿ ಗುಂಪು ಸುಮಾರು 550 ಕೋಟಿ ಕೊಟ್ಟು ಶೇಕಡಾ 26ರ ಪಾಲು ಕೊಂಡಿತು. ಬೆಂಗಳೂರಿನ ಎರಡು ಕಂಪನಿಗಳು ಒಂದಾದವು ಅಂತ ಪೇಪರುಗಳೆಲ್ಲ ಬರೆದವು. ಷೇರು ಎಷ್ಟಾಯಿತು, ಯಾರಿಗೆ ಯಾವ ಹುದ್ದೆ, ಎಲ್ಲ ಬಂತು. ಆ ವಿಮಾನಗಳಲ್ಲಿ ಕೂರುತ್ತಿದ್ದ ನಮ್ಮ ಅಮ್ಮನಂಥವರಿಗೆ ಏನು ಅನ್ನಿಸುತ್ತೆ ಅಂತ ಕೇಳಲು ಯಾರೂ ಬರಲಿಲ್ಲ.

ಅಮ್ಮನಿಗೆ ಅನ್ನಿಸಿತ್ತು. ಹಳೆಯ ಗುರುತಿನ ಎರಡು ತೆರೆದ ಅಂಗೈಗಳು ಹೋಗಿ ಕಿಂಗ್‌ಫಿಷರ್‌ನ ಮಿಂಚುಳ್ಳಿ ಬಂತು. ನೀಲಿ–ಹಳದಿ ಹೋಗಿ ಕೆಂಪು ಬಂತು. ಹೆಸರು ಮೊದಲು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು, 2008ರಲ್ಲಿ ಕಿಂಗ್‌ಫಿಷರ್ ರೆಡ್ ಆಯಿತು. ಪೇಪರಿನಲ್ಲಿ ಹೊಸ ಜಾಹೀರಾತು ನೋಡಿ ಅಮ್ಮ ನನ್ನನ್ನು ಕೇಳಿದಳು: ‘ಆ ಕೋಟಿನವರು ಎಲ್ಲಿ?’ ಕಂಪನಿ ಬೇರೆಯವರ ಕೈಗೆ ಹೋಯ್ತಮ್ಮ ಅಂದೆ. ‘ಹೋದರೆ ಹೋಗಲಿ, ಅವರನ್ನ ಯಾಕೆ ಇಳಿಸಬೇಕಿತ್ತು?’ ಅಂದಳು. ಅವತ್ತೇ ಹಳೇ ಪೇಪರಿನ ಕಟ್ಟು ಬಿಚ್ಚಿ, ಹುಡುಕಿ, ಈ ಚಿತ್ರ ಕತ್ತರಿಸಿ ಬೀರುವಿಗೆ ಅಂಟಿಸಿದಳು. ನಿನಗೆ ಇದನ್ನು ಹೇಳಿದ್ದೆನೋ ಇಲ್ಲವೋ.

ಆಗ ನನಗೆ ಅರ್ಥವಾಗದ ಇನ್ನೊಂದು ಸಂಗತಿ ಆಮೇಲೆ ಓದಿ ತಿಳಿಯಿತು. ನಮ್ಮ ದೇಶದ ವಿಮಾನ ಕಂಪನಿ ವಿದೇಶಕ್ಕೆ ಹಾರಬೇಕಾದರೆ ಮೊದಲು ಐದು ವರ್ಷ ಇಲ್ಲೇ ಹಾರಿರಬೇಕು ಅಂತ ಆಗ ನಿಯಮ. ಕಿಂಗ್‌ಫಿಷರ್ ಹುಟ್ಟಿದ್ದು 2005ರ ಮೇ ತಿಂಗಳಲ್ಲಿ. ಏರ್ ಡೆಕ್ಕನ್‌ಗೆ ಐದು ತುಂಬಿದ್ದು 2008ರ ಆಗಸ್ಟ್‌ಗೆ. ಮರುತಿಂಗಳು, ಸೆಪ್ಟೆಂಬರ್ 3ಕ್ಕೆ, ಬೆಂಗಳೂರಿನಿಂದ ಲಂಡನ್‌ಗೆ ಕಿಂಗ್‌ಫಿಷರ್ ವಿಮಾನ ಹೊರಟಿತು. ಅಮ್ಮ ಎಣಿಸಿದ ಆ ಕೆರೆಗಳ ಮೇಲೆ ಓಡಾಡಿ ಓಡಾಡಿ ಸಂಪಾದಿಸಿದ ವಯಸ್ಸು ಅದು. ಲಂಡನ್ ದಾರಿಗೆ ಒದಗಿತು. ಕಾನೂನಿನಲ್ಲಿ ತಪ್ಪಿಲ್ಲ. ಆದರೂ ಅದನ್ನು ಓದಿದ ದಿನ ನನಗೆ ಸಂಕಟವಾಯಿತು.

ಒಂದು ಮಾತು ಗಮನಿಸಿದ್ದೆಯಾ? ಕಿಂಗ್‌ಫಿಷರ್‌ನವರು ಪ್ರಯಾಣಿಕರನ್ನು ಅತಿಥಿಗಳು ಅನ್ನುತ್ತಿದ್ದರು. ಒಳ್ಳೇ ಮಾತೇ. ಊಟ, ಸೀಟಿಗೊಂದು ಟಿವಿ, ಎಲ್ಲ ಮರ್ಯಾದೆಯೂ ಇತ್ತು. ಆದರೆ ಅತಿಥಿಗೆ ಮನೆಯಲ್ಲಿ ಪಾಲಿರುವುದಿಲ್ಲ. ಡೆಕ್ಕನ್ ವಿಮಾನದಲ್ಲಿ ನೀರಿಗೂ ದುಡ್ಡು. ಅಮ್ಮ ನಮ್ಮನೆ ಬೋರ್‌ವೆಲ್ ನೀರನ್ನೇ ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದಳು. ಅಷ್ಟಾದರೂ ಅವಳು ಅಲ್ಲಿ ಕೂತದ್ದು ನಮ್ಮ ಜಗಲಿಯ ಮೇಲೆ ಕೂತ ಹಾಗೆ. ತನ್ನ ಗಂಡನ ಥರದ ಮನುಷ್ಯನ ಚಿತ್ರ ಹಾಕಿಕೊಂಡಿರುವ ಜಾಗದಲ್ಲಿ ಯಾರು ತಾನೇ ಮುದುಡಿ ಕೂರುತ್ತಾರೆ?

ಅದೇ 2008ರ ಮೇ 24ಕ್ಕೆ ಎಚ್‌ಎಎಲ್‌ನಿಂದ ಪ್ರಯಾಣಿಕರ ವಿಮಾನಗಳು ನಿಂತು ದೇವನಹಳ್ಳಿಗೆ ಹೋದವು. ನಮ್ಮ ಜಿಲ್ಲೆಗೇ ಬಂತು ಅಂತ ಹೆಮ್ಮೆ ಪಟ್ಟೆವು. ನಮ್ಮ ಊರಿಗೆ ಮಾತ್ರ ದೂರವಾಯಿತು: ಹೊಸಕೋಟೆ, ಸೂಲಿಬೆಲೆ ಮೇಲೆ ಸುತ್ತಿಕೊಂಡು ಹೋಗಬೇಕು, ಟ್ಯಾಕ್ಸಿ ಬೇಕು. ಆ ವರ್ಷ ಎಣ್ಣೆ ಬೆಲೆಯೂ ಹಿಂದೆಂದೂ ಇಲ್ಲದಷ್ಟು ಏರಿ ಎಲ್ಲ ಕಂಪನಿಗಳ ಟಿಕೆಟ್ಟೂ ದುಬಾರಿಯಾಯಿತು. ಮೊಮ್ಮಗನ ನಾಲ್ಕನೇ ವರ್ಷದ ಹುಟ್ಟಿದ ಹಬ್ಬಕ್ಕೆ ವಿಮಾನದಲ್ಲೇ ಹೋಗೋಣ ಅಂತ ಅಮ್ಮ ರಾಗಿ ಮಾರಿದ ದುಡ್ಡು ಎತ್ತಿಟ್ಟಿದ್ದಳು. ಲೆಕ್ಕ ಹಾಕಿ ನೋಡಿ ಬಸ್ಸಿನಲ್ಲೇ ಬಂದೆವು. ಕಾಲು ಊದಿಕೊಂಡು ಇಳಿದವಳಿಗೆ ನೀನು ಬಿಸಿನೀರು ಕಾಯಿಸಿ ಕೊಟ್ಟೆ. ಮತ್ತೆ ಅವಳು ವಿಮಾನ ಹತ್ತಲಿಲ್ಲ. ಅವಳು ಹೋದ ಮೇಲೆ ನಾನು ಒಬ್ಬಳೇ ಕೂತು ಹಾಕಿದ ಲೆಕ್ಕಗಳಲ್ಲಿ ಇದೂ ಒಂದು: ಹೇಗಾದರೂ ಒಂದು ಟಿಕೆಟ್ ಮಾಡಿಸಬಹುದಿತ್ತಲ್ಲ.

ಮುಂದಿನದು ನಿನಗೂ ಗೊತ್ತು. 2011ರ ಸೆಪ್ಟೆಂಬರ್‌ನಲ್ಲಿ ಕಡಿಮೆ ದರದ ಹಾರಾಟ ಇನ್ನು ಬೇಡ ಅಂತ ಮಲ್ಯ ಹೇಳಿದರು. ಮರುವರ್ಷ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲದೆ, ಅಕ್ಟೋಬರ್‌ನಲ್ಲಿ ವಿಮಾನಗಳೇ ನಿಂತವು, ಪರವಾನಗಿಯೂ ಅಮಾನತಾಯಿತು. ಗೋಪಿನಾಥ್ ಮೇಲೆ ನನಗೆ ಬೇಸರ ಇದ್ದೇ ಇದೆ, ಕೈಬಿಡಬಾರದಿತ್ತು ಅಂತ. ಆದರೆ ದುಡ್ಡು ಮುಗಿದ ಮೇಲೆ ಹಟ ಹಿಡಿದು ಕೂತಿದ್ದರೆ ಅವರ ವಿಮಾನಗಳು ಇನ್ನೂ ಬೇಗ ನಿಲ್ಲುತ್ತಿದ್ದವೇನೋ. 2017ರಲ್ಲಿ ಏರ್ ಡೆಕ್ಕನ್ ಹೆಸರಿನಲ್ಲೇ ಪುಟ್ಟ ವಿಮಾನಗಳನ್ನು ಮತ್ತೆ ಹಾರಿಸಿದರು. ಅದು ಕೊರೋನಾ ಕಾಲದಲ್ಲಿ ನಿಂತಿತು.

ಈಗ ನಿನ್ನ ಹಡಗಿನ ವಿಷಯಕ್ಕೆ ಬರುತ್ತೇನೆ. ನೀನು ಕೇಳಿದ ಆ ಮುಚ್ಚಿದ ಕಂಪನಿ ಜಲೇಶ್. 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಅದರ ‘ಕರ್ಣಿಕಾ’ ಹೊರಟಿತು. ವರ್ಷದೊಳಗೆ ಕೊರೋನಾ ಬಂತು, 2020ರ ಕೊನೆಗೆ ಕಂಪನಿ ಮುಚ್ಚಿ, ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಅದರ ಮುಖ್ಯಸ್ಥರಾಗಿದ್ದ ಯುರ್ಗೆನ್ ಬೈಲೋಮ್ ಅವರೇ 2021ರಲ್ಲಿ ಕಾರ್ಡೀಲಿಯಾ ಅನ್ನುವ ಹಡಗಿನ ಕಂಪನಿಯ ಮುಖ್ಯಸ್ಥರಾಗಿ ‘ಎಂಪ್ರೆಸ್’ ಹಡಗನ್ನು ಓಡಿಸಲು ಶುರುಮಾಡಿದರು. ಎರಡೂ ಹಡಗು 1990ರಲ್ಲಿ ಕಟ್ಟಿದವೇ. ಒಂದು ಒಡೆದುಹೋಯಿತು, ಇನ್ನೊಂದು ನೀರಿನ ಮೇಲಿತ್ತು. ಹಡಗಿನ ಗಟ್ಟಿತನಕ್ಕಿಂತ ಯಾರ ಕೈಯಲ್ಲಿದೆ, ಯಾವ ಕಾಲಕ್ಕೆ ಸಿಕ್ಕಿತು ಅನ್ನುವುದರ ಮೇಲೇ ಅದರ ಹಣೆಬರಹ.

ಆದ್ದರಿಂದ ಹುಡುಗನಿಗೆ ಹೇಳು: ಪ್ರಯಾಣ ರದ್ದಾದರೆ ದುಡ್ಡು ಎಷ್ಟು ದಿನದಲ್ಲಿ ವಾಪಸು, ಪೂರ್ತಿ ಬರುತ್ತಾ, ಅರ್ಧ ಬರುತ್ತಾ, ಬರಹದಲ್ಲಿ ತೆಗೆದುಕೊಳ್ಳಲಿ. ನಿಮ್ಮ ಭಾವ ಒಂದು ಸಲ ಕಾಶಿಯಾತ್ರೆಗೆ ಅಂತ ಯಾರಿಗೋ ಮುಂಗಡ ಕೊಟ್ಟು, ಆ ಅಂಗಡಿಯೇ ಬಾಗಿಲು ಹಾಕಿದ್ದರಿಂದ ಪೈಸೆ ವಾಪಸು ಬರದೆ ಎರಡು ವರ್ಷ ಅಲೆದರು. ಕೈಯಲ್ಲಿ ಸರಿಯಾದ ರಸೀದಿ ಇರಲಿಲ್ಲ. ಮಳೆಗಾಲ ಮುಗಿದ ಮೇಲಿನ ತಿಂಗಳು ನೋಡಲಿ. ಮತ್ತೆ, ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ ಅಂತ ಅದನ್ನು ತೆಗೆದುಕೊಳ್ಳಬೇಡ ಅನ್ನು. ಹೆಚ್ಚಿಗೆ ಆಗುವ ದುಡ್ಡು ನಾನು ಕೊಡುತ್ತೇನೆ, ಅಮ್ಮನ ರಾಗಿ ದುಡ್ಡು ಇನ್ನೂ ಹಾಗೇ ಇದೆ.

ಮೊದಲ ರಾತ್ರಿ ಕಿಟಕಿ ಪಕ್ಕ ನೀನು ಮಲಗು, ಎರಡನೇ ರಾತ್ರಿ ನಾನು. ತುಪ್ಪದ ಡಬ್ಬಿಯಲ್ಲಿ ನಿನಗಿಷ್ಟದ ಹುರಿಹಿಟ್ಟಿನ ಉಂಡೆ ಕಟ್ಟಿ ತರುತ್ತೇನೆ. ದಿನ ಗೊತ್ತಾದ ಕೂಡಲೆ ಫೋನ್ ಮಾಡು, ಹಸು ನೋಡಿಕೊಳ್ಳಲು ಒಬ್ಬರಿಗೆ ಹೇಳಬೇಕು.

ನಿನ್ನ
ಅಕ್ಕ