ಅಪ್ಪನ ಜೇಬಿನ ನೆಲ್ಲಿಕಾಯಿ

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಅಪ್ಪನ ಅಸ್ಥಿ ಆಯುವಾಗ ಒಂದು ಸಣ್ಣ ಮೂಳೆ ಕೈಗೆ ಬಂತು. ಬೆರಳಿನದಿರಬೇಕು. ಒಂದು ಗಳಿಗೆ ಅಂಗೈಯಲ್ಲೇ ಇಟ್ಟುಕೊಂಡೆ. “ಏನೂ ಉಳಿಸ್ಕೋಬಾರ್ದು ಕಣೋ, ಕುಡಿಕೆಗೆ ಹಾಕು” ಅಂದರು ಚಿಕ್ಕಪ್ಪ. ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಪ್ಪ ಕಾವೇರಿ ಸೇರಿದರು.

ಆ ಗಳಿಗೆಯಲ್ಲಿ ನನಗೆ ನೆನಪಾದವಳು, ಹೇಳಲು ಸಂಕೋಚವಾಗುತ್ತದೆ, ಸೈಬೀರಿಯಾದ ಒಬ್ಬ ಹುಡುಗಿ. 2008ರಲ್ಲಿ ಡೆನಿಸೋವಾ ಗುಹೆಯಲ್ಲಿ ಸಿಕ್ಕಿದ್ದು ಅವಳ ಕಿರುಬೆರಳ ಮೂಳೆಯ ಚೂರು. ಚಳಿಯಲ್ಲಿ ಕೆಡದೆ ಉಳಿದಿದ್ದ ಅದರ ಡಿಎನ್‌ಎಯನ್ನು ಸ್ವಾಂಟೆ ಪೇಬೊ ಅವರ ತಂಡ ಓದಿತು. ಅವಳು ನಮ್ಮವಳೂ ಅಲ್ಲ, ನಿಯಾಂಡರ್ತಲ್‌ ಕುಲದವಳೂ ಅಲ್ಲ, ಅಲ್ಲಿಯವರೆಗೆ ಯಾರೂ ಅರಿಯದಿದ್ದ ಇನ್ನೊಂದು ಕವಲಿನವಳು ಎಂದು 2010ರಲ್ಲಿ ಲೋಕಕ್ಕೆ ಗೊತ್ತಾಯಿತು. ನಮ್ಮ ಬಿಸಿಲ ನೆಲ ಅಷ್ಟು ಉದಾರಿಯಲ್ಲ, ಇಲ್ಲಿ ಡಿಎನ್‌ಎ ಬೇಗ ಕೆಡುತ್ತದೆ. 1982ರಲ್ಲಿ ನರ್ಮದೆಯ ದಡದ ಹತ್ನೋರಾದಲ್ಲಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕ ತಲೆಬುರುಡೆ ಯಾವ ಜಾತಿಯ ಮಾನವನದು ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಜಾತಿಯ ಜಗಳ ಅಷ್ಟು ಬೇಗ ಮುಗಿಯುವುದೂ ಇಲ್ಲ ಬಿಡಿ.

ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. “ನಿನ್ನ ತಾತ ಕೋತಿ ಅಂತೀಯಲ್ಲೋ, ಅವರು ನಮ್ಮಪ್ಪ ಕಣೋ!” ಎಂದು ರೇಗುತ್ತಿದ್ದರು. ಕೋತಿಯಿಂದ ಬಂದವರಲ್ಲ, ಕೋತಿಗೂ ನಮಗೂ ಬಹಳ ಹಿಂದೆ ಪೂರ್ವಜರು ಒಬ್ಬರೇ ಎಂದು ಎಷ್ಟು ಸಲ ಹೇಳಿದರೂ “ಸಾಕ್ಷಿ ತೋರ್ಸು” ಅನ್ನುತ್ತಿದ್ದರು. ಬುರುಡೆಗಳ ಚಿತ್ರ ತೋರಿಸಿದರೆ ಕನ್ನಡಕ ತೆಗೆದಿಟ್ಟು ನಗುತ್ತಿದ್ದರು.

ಸಾಕ್ಷಿ ಅವರ ಅಂಗಿಯ ಜೇಬಿನಲ್ಲೇ ಇತ್ತು. ಸೀಸನ್ನಿನಲ್ಲಿ ಎರಡು ನೆಲ್ಲಿಕಾಯಿ ಇಲ್ಲದೆ ಅಪ್ಪ ಹೊಸಿಲು ದಾಟಿದವರಲ್ಲ. ಆಡಿಗೆ ಆ ತಾಪತ್ರಯವಿಲ್ಲ, ಅದರ ಪಿತ್ತಜನಕಾಂಗ ತಾನೇ ಸಿ ಜೀವಸತ್ವ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಜೀನಿನ ಅವಶೇಷ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಕೋತಿಯಲ್ಲೂ ಕೆಟ್ಟಿದೆ, ಮತ್ತು ಅದರ ಎಷ್ಟೋ ಗಾಯಗಳು ನಮ್ಮವಕ್ಕೆ ಜಾಗಕ್ಕೆ ಜಾಗ ಹೊಂದುತ್ತವೆ.

ಇದು ಅಪ್ಪನಿಗೆ ಥಟ್ಟನೆ ಅರ್ಥವಾಗುತ್ತಿತ್ತು. ನಕಲು ಹಿಡಿಯಲು ಅವರಿಗೊಂದು ಸೂತ್ರವಿತ್ತು: “ಸರಿ ಉತ್ತರ ಇಬ್ಬರೂ ಒಂದೇ ಥರ ಬರೀಬಹುದು. ಒಂದೇ ತಪ್ಪನ್ನ ಒಂದೇ ಸಾಲಲ್ಲಿ ಬರೆದ್ರೆ ಮೂಲ ಒಂದೇ.” ಗಿನಿಯಿಲಿಯ ಜೀನೂ ಕೆಟ್ಟಿದೆ, ಆದರೆ ಬೇರೆಯೇ ರೀತಿಯಲ್ಲಿ. ಸ್ವಂತ ತಪ್ಪು. ಅಪ್ಪ ಅದಕ್ಕೆ ಅರ್ಧ ಮಾರ್ಕು ಕೊಟ್ಟಿರುತ್ತಿದ್ದರು.

ಈ ಹೋಲಿಕೆ ನನಗೆ ಹೊಳೆದದ್ದು ಅವರು ಹೋಗಿ ಎರಡು ತಿಂಗಳಾದ ಮೇಲೆ, ಪೇಪರ್ ತಿದ್ದುತ್ತಾ ಕೂತಿದ್ದಾಗ. ಎದ್ದು ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಒಪ್ಪಲೂ ಇಲ್ಲ, ಬೈಯಲೂ ಇಲ್ಲ.

“ಅವರ ಅಂಗಿ ಒಗೆಯೋಕೆ ಹಾಕ್ದಾಗ ಜೇಬಲ್ಲಿ ಎರಡು ಬೀಜ ಸಿಕ್ತು. ಹಿತ್ತಿಲಲ್ಲಿ ಹಾಕಿದೀನಿ” ಅಂದಳು.