ಕೀಲಿಗೆ ತುಕ್ಕು

“ಕೀಲಿಗೆ ತುಕ್ಕು ಹಿಡಿದಿದೆ, ಅಣ್ಣ. ಈ ಸಲ ಕೆರೆಯದೆ ಗತಿಯಿಲ್ಲ” ಎಂದು ಇಂಗ್ಲೆಂಡಿನಿಂದ ನನ್ನ ತಮ್ಮ ಫೋನಿನಲ್ಲಿ ಹೇಳಿದಾಗ ನನಗೆ ನಿಜವಾಗಿಯೂ ಗಾಬರಿಯಾಯಿತು. ನನಗಿಂತ ನಾಲ್ಕು ವರ್ಷ ಚಿಕ್ಕವನು. ನಲವತ್ತು ದಾಟಿದ್ದು ಮೊನ್ನೆ ಮೊನ್ನೆ. ಮಂಡಿಯೋ ಸೊಂಟವೋ ಎಂದು ಕೇಳಿದೆ. ಮಹಾನಾರಾಯಣ ತೈಲ ಕಳಿಸಲೇ ಎಂದೂ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು ಜೋರಾಗಿ ನಕ್ಕ. ಮೂರು ವರ್ಷದಿಂದೀಚೆಗೆ ಅವನು ನನ್ನೊಡನೆ ಹಾಗೆ ನಕ್ಕದ್ದು ಅದೇ ಮೊದಲು.

ಅವನು ಹೇಳಿದ್ದು ಇಂಗ್ಲಿಷಿನ ಕೀಲ್. ಕನ್ನಡ ಪಾಠ ಹೇಳುವವನ ಕಿವಿಗೆ ಕೀಲು ಎಂದರೆ ಮೂಳೆಯ ಸಂದು, ಹೆಚ್ಚೆಂದರೆ ಬಂಡಿಯ ಕಡಾಣಿ. ಹಾಯಿದೋಣಿಗೂ ಒಂದು ಕೀಲ್ ಉಂಟು, ಅದು ಬೀಡು ಕಬ್ಬಿಣದ್ದು, ಅದಕ್ಕೂ ಮುಪ್ಪು ಬರುತ್ತದೆ ಎಂಬುದು ನನಗೇನು ಗೊತ್ತು? ನಕ್ಕ ಧೈರ್ಯದಲ್ಲೇ ಅವನು “ಬೇಸಗೆ ರಜೆಗೆ ಬಾ” ಎಂದ. ನಾನೂ ಅದೇ ಧೈರ್ಯದಲ್ಲಿ ಹೋದೆ.

ಸೌತ್‌ಹ್ಯಾಂಪ್ಟನ್ ಬಳಿ ಹ್ಯಾಂಬಲ್ ಎಂಬ ಹೊಳೆ ಸಮುದ್ರ ಸೇರುತ್ತದೆ. ಅದರ ದಡದ ಒಂದು ಅಂಗಳದಲ್ಲಿ ದೋಣಿಗಳನ್ನು ಕ್ರೇನಿನಿಂದ ಎತ್ತಿ, ಮರದ ದಿಮ್ಮಿಗಳ ಮೇಲೆ ಸಾಲಾಗಿ ನಿಲ್ಲಿಸಿದ್ದರು. ನೀರಿನಲ್ಲಿ ಹಂಸದಂತಿರುವ ದೋಣಿಗೆ ಹೊಟ್ಟೆಯಡಿ ಅಂಥ ಒರಟು ಕಾಲಿರುತ್ತದೆಂದು ಅಲ್ಲಿಯೇ ನೋಡಿದೆ. ಗಾಳಿ ಹಾಯಿಯನ್ನು ಒತ್ತಿದಾಗ ದೋಣಿ ಮಗುಚದಂತೆ ಕೆಳಗಿನಿಂದ ಎಳೆದು ಹಿಡಿಯುವುದು ಅದೇ. ಪಕ್ಕಕ್ಕೆ ಜಾರದಂತೆ ತಡೆಯುವುದೂ ಅದೇ. ತಮ್ಮನ ದೋಣಿಯದು ಸುಮಾರು ಒಂದು ಟನ್ನು. ಸೀಸದಲ್ಲಿ ಮಾಡಿದ್ದರೆ ಈ ತುಕ್ಕಿನ ಗೋಜೇ ಇರುತ್ತಿರಲಿಲ್ಲ. ಸೀಸ ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರ, ಬೀಡು ಏಳು ಪಟ್ಟಿಗೆ ಸ್ವಲ್ಪ ಮೇಲೆ. ಆದರೆ ಸೀಸಕ್ಕೆ ದುಡ್ಡು ಹೆಚ್ಚು. ಅಗ್ಗದ ಭಾರ ಬೇಕಾದವನು ತುಕ್ಕನ್ನೂ ಜೊತೆಯಲ್ಲಿ ಕೊಂಡಂತೆಯೇ.

“ಇದಕ್ಕೆ ಏನಾಗಿದೆ? ಬಣ್ಣ ಚೆನ್ನಾಗಿಯೇ ಇದೆಯಲ್ಲ” ಎಂದೆ. ತಮ್ಮ ಮಾತಾಡದೆ ಒಂದು ಉಬ್ಬಿನ ಮೇಲೆ ಉಳಿಯಿಟ್ಟು ತಟ್ಟಿದ. ಅಂಗೈಯಗಲದ ಹಕ್ಕಳೆ ಕಳಚಿ ಬಿತ್ತು. ಅದರ ಹಿಂದೆ ಕೆಮ್ಮಣ್ಣಿನಂಥ ಪುಡಿ, ಅದರ ಕೆಳಗೆ ಕಪ್ಪು ಗುಳಿಗಳು. ಹಿಂದಿನ ಯಜಮಾನ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಬಣ್ಣ ಬಳಿದು ಮಾರಿದ್ದ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಮೇಲೆ ಬಣ್ಣವಿದ್ದರೆ ಅದನ್ನು ಎತ್ತಿ ಗುಳ್ಳೆಮಾಡುತ್ತದೆ. ಗುಳ್ಳೆ ಬಿರುಕುಬಿಟ್ಟಲ್ಲಿ ಉಪ್ಪುನೀರು ಒಳಗೆ ಹೊಕ್ಕು ಕೂರುತ್ತದೆ. ಬೀಡಿಗೆ ಇನ್ನೊಂದು ಕಷ್ಟವೂ ಉಂಟು. ಅದರೊಳಗೆ ಗ್ರಾಫೈಟಿನ ಹಾಳೆಗಳಿರುತ್ತವೆ. ಸಮುದ್ರದಲ್ಲಿ ಬಹುಕಾಲ ಬಿದ್ದರೆ ಕಬ್ಬಿಣವೆಲ್ಲ ಕರಗಿ ಹೋಗಿ ಗ್ರಾಫೈಟಿನ ಹಂದರವಷ್ಟೇ ಉಳಿಯುವುದುಂಟು. ಮುಳುಗಿದ ಹಳೆಯ ಹಡಗುಗಳ ಫಿರಂಗಿಗಳು ಆಕಾರ ಕೆಡದೆ ಸಿಕ್ಕರೂ ಚಾಕುವಿನಿಂದ ಕೆತ್ತುವಷ್ಟು ಮೆತ್ತಗಾಗಿರುವುದು ಇದರಿಂದಲೇ.

ಮೊದಲ ದಿನವೆಲ್ಲ ಕೆರೆತ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಖವಾಡ, ಕೈಯಲ್ಲಿ ಗುಂಯ್‌ಗುಡುವ ಗ್ರೈಂಡರು. ಗುಳಿಗಳಲ್ಲಿ ಕುಳಿತ ಉಪ್ಪು ಹೋಗಲೆಂದು ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದೆವು. ಉಪ್ಪು ಉಳಿದರೆ ಬಣ್ಣದಡಿಯಲ್ಲೇ ತುಕ್ಕು ಮತ್ತೆ ಹುಟ್ಟುತ್ತದಂತೆ. ನೀರು ಆರಿದ ಮೇಲೆ ಇನ್ನೊಮ್ಮೆ ಉಜ್ಜಿ ಹೊಳಪು ತರಿಸಿದೆವು. ಅರ್ಧ ಕೆಲಸ ಮುಗಿದಾಗ ನಾನು ಚಹಾ ಎಂದೆ. ತಮ್ಮ “ಈಗ ಬೇಡ, ಮೊದಲ ಕೋಟು ಬಳಿದ ಮೇಲೆ” ಎಂದ. ಮೇಷ್ಟರ ಹಟ ನಿಮಗೆ ಗೊತ್ತಲ್ಲ. ಅಂಗಡಿಗೆ ಹೋಗಿ, ಆರಾಮವಾಗಿ ಕುಡಿದು, ಅಲ್ಲಿಯ ಮುದುಕನೊಬ್ಬನೊಡನೆ ಹವಾಮಾನ ಚರ್ಚಿಸಿ ಬಂದೆ. ಅಷ್ಟರಲ್ಲಿ ಸಣ್ಣ ಸೋನೆ ಬಂದು ಹೋಗಿತ್ತು. ಬೆಳ್ಳಿಯಂತಿದ್ದ ನನ್ನ ಪಾಲಿನ ಕಬ್ಬಿಣದ ಮೇಲೆ ಅರಿಸಿನ ಚೆಲ್ಲಿದಂಥ ತೆಳು ಬಣ್ಣ. ಮತ್ತೆ ಗ್ರೈಂಡರು ಹಿಡಿದೆ.

ಪಕ್ಕದ ದೋಣಿಯವನು ತುಕ್ಕನ್ನೇ ಕಪ್ಪಾಗಿಸುವ ಒಂದು ದ್ರವ ತಂದು ತೋರಿಸಿದ. ಮೂಸಿ ನೋಡಿ, ಡಬ್ಬಿ ಓದಿ, ನನಗೆ ನಗು ಬಂತು. ಅದರಲ್ಲಿದ್ದದ್ದು ಟ್ಯಾನಿಕ್ ಆಮ್ಲ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಕಲೆ ಚಿಕ್ಕದಾದರೆ ಅದು ಸಾಕು, ಹಕ್ಕಳೆಗೆ ಕೆರೆತವೇ ಮದ್ದು ಎಂದ ತಮ್ಮ.

ಅವನು ಎಪಾಕ್ಸಿ ಪ್ರೈಮರು ಕಲಸುತ್ತಿದ್ದಾಗ ನನಗೆ ಅಮ್ಮನ ಬೀಡಿನ ಕಾವಲಿ ನೆನಪಾಯಿತು. ಮಲೆನಾಡಿನ ಮಳೆಗಾಲದಲ್ಲಿ ಕೊಡೆಯ ಕಡ್ಡಿಯೂ ತುಕ್ಕು ಹಿಡಿಯುತ್ತದೆ. ಅಮ್ಮ ಕಾವಲಿ ತೊಳೆದವಳು ಅದನ್ನು ಹಾಗೇ ಇಟ್ಟದ್ದಿಲ್ಲ; ಒಲೆಯ ಮೇಲೆ ಕಾಯಿಸಿ ನೀರಾರಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಿಡುವಳು. ಈ ಮಾತು ಹೇಳಿದೆ. ತಮ್ಮ ಕುಂಚ ಕೆಳಗಿಟ್ಟ.

ಅಪ್ಪ ತೀರಿಕೊಂಡಾಗ ಅವನು ಬಂದಿರಲಿಲ್ಲ. ಹದಿಮೂರನೆಯ ದಿನಕ್ಕೂ ಬರಲಿಲ್ಲ. “ನಿನಗೆ ಅಪ್ಪನಿಗಿಂತ ಆ ದೋಣಿಯೇ ಹೆಚ್ಚಾಯಿತು” ಎಂದು ನಾನು ಫೋನಿನಲ್ಲಿ ಅಂದಿದ್ದೆ. ಆಮೇಲೆ ಮೂರು ವರ್ಷ ತಿಂಗಳಿಗೊಮ್ಮೆ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೇನೆ. ಬಣ್ಣವೇನೋ ಚೆನ್ನಾಗಿಯೇ ಇತ್ತು.

“ಟಿಕೆಟ್ಟು ಕೈಯಲ್ಲಿತ್ತು, ಅಣ್ಣ” ಎಂದ. “ವಿಮಾನ ನಿಲ್ದಾಣದ ಬಾಗಿಲವರೆಗೂ ಹೋಗಿದ್ದೆ. ಮುಖ ನೋಡಲು ಸಿಗುವುದಿಲ್ಲ ಎಂದು ಗೊತ್ತಿತ್ತಲ್ಲ, ಒಳಗೆ ಹೋಗಲಾಗಲಿಲ್ಲ. ನೇರವಾಗಿ ಇಲ್ಲಿಗೆ ಬಂದು ಈ ದೋಣಿಯಲ್ಲಿ ಮಲಗಿದೆ. ನೀನಂದದ್ದು ಅರ್ಧ ನಿಜ.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. “ಆವತ್ತು ಹಾಗೆ ಅನ್ನಬಾರದಿತ್ತು” ಎಂದೆ. “ಪ್ರೈಮರು ಗಟ್ಟಿಯಾಗುತ್ತಿದೆ, ಬಳಿ” ಎಂದ. ಇಬ್ಬರೂ ಬಳಿದೆವು.

ಎರಡು ಮೂರು ದಿನದಲ್ಲಿ ಐದು ಕೋಟು ಹಾಕಿದೆವು. ನಡುವೆ ಗುಳಿಗಳಿಗೆ ಎಪಾಕ್ಸಿ ಮೆತ್ತಿ ಉಜ್ಜಿದೆವು. ಜಲಜೀವಿಗಳು ಅಂಟದಿರಲು ಬಳಿಯುವ ಬಣ್ಣ ಕೊನೆಗೆ. ಅದರಲ್ಲಿ ತಾಮ್ರವಿರುತ್ತದೆ, ನಡುವೆ ದಪ್ಪ ಪದರವಿಲ್ಲದೆ ಅದು ಬರಿಯ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣವೇ ಬೇಗ ಸವೆಯುತ್ತದೆ. ಕಡೆಗೆ ಒಂದು ಸತುವಿನ ಗಟ್ಟಿಯನ್ನು ಕೀಲಿಗೆ ಬಿಗಿದ. ಕಬ್ಬಿಣ ಸವೆಯುವ ಬದಲು ಅದು ಸವೆಯುತ್ತದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಉಳಿಸಲು ಸತು, ಕಬ್ಬಿಣದ ತುಂಡುಗಳನ್ನು ಹೀಗೆಯೇ ಸೇರಿಸಿದ. ತಾಮ್ರ ಉಳಿಯಿತು, ಆದರೆ ಕರಗದ ತಾಮ್ರಕ್ಕೆ ಜಲಜೀವಿಗಳು ಹೆದರಲಿಲ್ಲ. ಅವು ಮುತ್ತಿ ಹಡಗು ನಿಧಾನವಾದದ್ದರಿಂದ ಆ ಉಪಾಯ ಬಿಟ್ಟರು. ಉಪಾಯ ಬಿಟ್ಟರೂ ಆ ತತ್ತ್ವ ಉಳಿಯಿತು, ಈ ಗಟ್ಟಿಯ ರೂಪದಲ್ಲಿ.

ಮನೆಯಲ್ಲೂ ಇಂಥ ಒಬ್ಬರಿರುತ್ತಾರೆ. ನಮ್ಮಲ್ಲಿ ಅಮ್ಮ ಇದ್ದಳು. ಅವಳು ಸವೆದು ಹೋದಮೇಲೆ ಆ ಜಾಗಕ್ಕೆ ಬೇರೆಯದನ್ನು ಬಿಗಿಯಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮೊನ್ನೆ ಭಾನುವಾರ ಅವನೇ ಫೋನು ಮಾಡಿದ.

“ಕೀಲು ಹೇಗಿದೆಯೋ?” ಎಂದೆ.

“ಹಿಂಭಾಗದಲ್ಲಿ ಒಂದು ಗುಳ್ಳೆ ಎದ್ದಿದೆ, ಚಿಕ್ಕದು. ನಿನ್ನ ಚಹಾದ ಜಾಗವೇ ಇರಬೇಕು.”

“ಹಾಗಾದರೆ ಬರುವ ಬೇಸಗೆಗೆ ಮತ್ತೆ ಬರುತ್ತೇನೆ” ಎಂದೆ.

“ಅದಕ್ಕೆ ಮೊದಲು ನಾನೇ ಬರುತ್ತೇನೆ. ಅಪ್ಪನ ತಿಥಿ ಯಾವತ್ತು?” ಎಂದು ಕೇಳಿದ.