ಟಣ್ ಅನ್ನುವವರೆಗೂ ಪಾಕ

ಹೊಸಪೇಟೆ ಅಂದ್ರೆ ಬಿಸಿಲು ಅಂತಾರೆ. ನಿಜಾನೇ. ಆದ್ರೆ ನಾಗರಪಂಚಮಿ ಹೊತ್ತಿಗೆ ಬಂದು ನೋಡಿ. ತುಂಗಭದ್ರಾ ಜಲಾಶಯಕ್ಕೆ ನೀರು ಬರುತ್ತಿರುತ್ತದೆ, ಜಿಟಿಜಿಟಿ ಮಳೆ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗದು. ಉಂಡಿ, ಚಿಕ್ಕಿ ಮಾಡಲೇಬೇಕಾದ ನಮ್ಮ ಹಬ್ಬ ಬರೋದು ಸರಿಯಾಗಿ ಇದೇ ಹೊತ್ತಿಗೆ!

ಈ ಸಲ ರಜೆ ಹಾಕಿ ಬಂದವಳು ಮೊದಲು ಕಂಪ್ಲಿಗೆ ಹೋದೆ, ಬೆಲ್ಲಕ್ಕೆ. ದಾರಿಯಲ್ಲಿ ಕಾಲುವೆ, ಭತ್ತ, ಬಾಳೆ, ಕಬ್ಬು. ವಿಜಯನಗರ ಕಾಲದ ಕಾಲುವೆಗಳಲ್ಲಿ ಈ ಭಾಗಕ್ಕೆ ಇವತ್ತಿಗೂ ನೀರು ಹರಿಯುತ್ತದೆ. ಬೆಲ್ಲವನ್ನು ಒಡೆದು ನೋಡಿ ಕೊಳ್ಳಬೇಕು. ಟಕ್ ಅಂತ ಒಡೆಯುವ ಗಟ್ಟಿ ಬೆಲ್ಲ ಚಿಕ್ಕಿಗೆ ಸರಿ. ಬೆರಳಿಗೆ ಅಂಟುವ ಬೆಲ್ಲ ಆಗಲೇ ಗಾಳಿಯ ನೀರು ಕುಡಿದಿರುತ್ತದೆ. ಬೆಲ್ಲದಲ್ಲಿರುವ ಫ್ರಕ್ಟೋಸ್‌ಗೆ ತೇವ ಎಳೆಯುವ ಗುಣ ಜಾಸ್ತಿ.

ಮನೆಯಲ್ಲಿ ಪಾಕ ನೋಡುವವಳು ಅವ್ವ. ಈಚೆಗೆ ಅವಳ ಕಣ್ಣು ಮಂಜು. ನೊರೆಯ ಬಣ್ಣ ಕಾಣಿಸದು. ಬಾಣಲೆ ನನ್ನ ಕೈಗೆ ಬಂದಿದೆ, ಕಿವಿ ಮಾತ್ರ ಅವಳದೇ. ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು, ಗಟ್ಟಿಯಾದದ್ದನ್ನು ಸ್ಟೀಲ್ ತಟ್ಟೆಗೆ ಹಾಕಿದೆ. "ಇನ್ನಾ ಆಗಿಲ್ಲ, ತಿರುವು" ಅಂದಳು. ಟಣ್ ಅಂದ ಮೇಲೇ ಶೇಂಗಾ ಸುರಿಯೋದು. ಬೇಸಿಗೆಗೆ ಸಾಕಾಗುವ ಪಾಕ ಮಳೆಗಾಲಕ್ಕೆ ಸಾಲದು. ಒಳಗೆ ನೀರು ಉಳಿದಷ್ಟೂ ಚಿಕ್ಕಿ ಬೇಗ ಮೆತ್ತಗಾಗುತ್ತದೆ. ಥರ್ಮಾಮೀಟರ್ ಇರುವವರು 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ನೋಡಿಕೊಳ್ಳಿ. ಉರಿ ಸಣ್ಣಗಿರಲಿ, ಬೆಲ್ಲ ಬೇಗ ಸೀಯುತ್ತದೆ.

ಹಬ್ಬದ ಮರುದಿನ ಸಂಡೂರಿನ ಚಿಕ್ಕಮ್ಮನ ಮನೆಗೆ ಹೋದರೆ ಅಲ್ಲಿ ಇನ್ನೂ ಒಲೆಯೇ ಹಚ್ಚಿಲ್ಲ. ಸುತ್ತಲ ಗುಡ್ಡದ ಮೇಲೆಲ್ಲ ಮೋಡ. "ಮೋಡ ಸರೀಲಿ ತಡೀಯವ್ವಾ, ಬೆಲ್ಲ ಎಲ್ಲಿಗೂ ಓಡಿ ಹೋಗಂಗಿಲ್ಲ" ಅಂದಳು ಚಿಕ್ಕಮ್ಮ.

ಕೊನೆಯ ದಿನ ಬೆಂಗಳೂರಿನ ಗೆಳತಿಯರ ಜೊತೆ ಹಂಪಿ. ಮಾತಂಗ ಬೆಟ್ಟ ಹತ್ತುವಷ್ಟರಲ್ಲಿ ಬಟ್ಟೆಯೆಲ್ಲ ಮೈಗಂಟಿತ್ತು. ಡಬ್ಬಿಯ ಚಿಕ್ಕಿ ಮಾತ್ರ ಕಟುಂ ಅಂತಿತ್ತು. ಪೂರ್ತಿ ಆರಿದ ಮೇಲೆ ಒಂದೊಂದೇ ತುಂಡನ್ನು ಬಟರ್ ಪೇಪರಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದ್ದೆ, ಅಷ್ಟೇ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ.

ರಾತ್ರಿ ಬಸ್ಸಿಗೆ ಹೊರಟಾಗ ಅವ್ವ ಎರಡು ಡಬ್ಬಿ ಕೊಟ್ಟಳು. ಒಂದರಲ್ಲಿ ಚಿಕ್ಕಿ, ಇನ್ನೊಂದರಲ್ಲಿ ಉಳಿದ ಬೆಲ್ಲ. "ಅಲ್ಲಿ ಗಾಳಿ ಬ್ಯಾರೆ ಐತಿ. ನೀನೇ ಕೇಳಿ ಇಳಿಸು" ಅಂದಳು.